ಇವತ್ತಿನ ಸಮಸ್ಯೆ: ಕತ್ತಲೆಯಂ ಕುಡಿದ ಮೇಲೆ ಬೆಳಗಾಯ್ತಲ್ತೇ

ಮೇಷ್ಟ್ರು, ಮೈಸೂರು (ಬೆಳಿಗ್ಗೆ 5:40)
ಎಲ್ಲರಿಗೂ ನಮಸ್ಕಾರ. ಇಲ್ಲಿ ರಾತ್ರಿಯಿಂದ ಜಿಟಿಜಿಟಿ ಮಳೆ. ವಾಕಿಂಗ್ ಇಲ್ಲ, ಅದಕ್ಕೇ ಸಮಸ್ಯೆ ಬೇಗ ಹಾಕ್ತಿದ್ದೇನೆ. ಕೊನೆಯ ಸಾಲು ನನ್ನದು, ಮೇಲಿನ ಮೂರು ಸಾಲು ಕಟ್ಟಿ ಪೂರಣ ಮಾಡೋದು ನಿಮ್ಮ ಕೆಲಸ. 12, 20, 12, 20 ಮಾತ್ರೆಗಳ ನಾಲ್ಕು ಸಾಲಿನ ಕಂದ.

ಕತ್ತಲೆಯಂ ಕುಡಿದ ಮೇಲೆ ಬೆಳಗಾಯ್ತಲ್ತೇ

ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ 'ತ್ತ' ಬರಬೇಕು, ಆ ಪ್ರಾಸಕ್ಕೆ ಬರಗಾಲ ಇಲ್ಲ. ಹಾಗಂತ 'ಸುತ್ತ', 'ಮತ್ತೆ' ಹಾಕಿ ಕೈ ತೊಳೆದುಕೊಳ್ಳಬೇಡಿ. ತಿಂಡಿಯ ಹೊತ್ತಿಗೆ ನಾಲ್ಕಾದರೂ ಪೂರಣ ಬೇಕು.

ಬ್ಯಾಂಕ್ ಭಟ್ಟರು (5:52)
ಶುಭೋದಯ ಮಿತ್ರರೇ. (ಗುಲಾಬಿ ಹೂವಿನ ಚಿತ್ರ)

ಮೇಷ್ಟ್ರು (5:53)
ಭಟ್ಟರೇ, ಹೂವು ಆಮೇಲೆ. ಮೊದಲು ಪದ್ಯ.

ಇಂಜಿನಿಯರ್, ಜಯನಗರ (6:02)
ಹೋದ ತಿಂಗಳು ಬಲಗಣ್ಣಿನ ಪೊರೆ ತೆಗೆಸಿದ್ದು ನಿಮಗೆಲ್ಲ ಗೊತ್ತು. ಈಗ ಹಳೇ ಕಾಲದ ಹಾಗೆ ದೊಡ್ಡದಾಗಿ ಕೊಯ್ಯುವುದಿಲ್ಲ. ಶಬ್ದದ ಅಲೆಯಿಂದ ಪೊರೆಯನ್ನು ಪುಡಿ ಮಾಡಿ, ಸಣ್ಣ ಕೊಳವೆಯಲ್ಲಿ ಹೀರಿಕೊಳ್ತಾರೆ. ಸಮಸ್ಯೆ ಓದಿದ ತಕ್ಷಣ ಅದೇ ನೆನಪಾಯ್ತು.

ಹತ್ತಾರ್ ವರುಷದ ಪೊರೆಯಂ
ಕಿತ್ತದನೆಳೆಯಲ್ಕೆ ಯಂತ್ರಮೆನ್ನಯ ಕಣ್ಣಿಂ
ಮತ್ತೆ ಪ್ರಕಾಶಂ ಸುಳಿದುದು
ಕತ್ತಲೆಯಂ ಕುಡಿದ ಮೇಲೆ ಬೆಳಗಾಯ್ತಲ್ತೇ

ಶಿರಸಿ ಅಕ್ಕ (6:05)
ಕುಡಿದದ್ದು ಯಂತ್ರ, ಬೆಳಗಾದದ್ದು ನಿಮಗೆ! ಚೆನ್ನಾಗಿದೆ. ಎಡಗಣ್ಣು ಯಾವಾಗ?

ಇಂಜಿನಿಯರ್ (6:06)
ದೀಪಾವಳಿ ಆದ ಮೇಲೆ.

ಮೇಷ್ಟ್ರು (6:10)
ಒಳ್ಳೆ ಪೂರಣ. ನನ್ನದೂ ಒಂದು ಇರಲಿ.

ಬತ್ತಿದ ಗಂಟಲಿಗಮೃತಂ
ಸುತ್ತಲು ಘಮಘಮಿಸುತಿರ್ದ ಕಪ್ಪು ರಸಮನಾಂ
ಮುತ್ತಿಡುತೆ ಹೀರಿದಾಕ್ಷಣ
ಕತ್ತಲೆಯಂ ಕುಡಿದ ಮೇಲೆ ಬೆಳಗಾಯ್ತಲ್ತೇ

ತೋಟದ ಗೌಡರು, ಮೂಡಿಗೆರೆ (6:14)
ಮೇಷ್ಟ್ರೇ, ಆ ಕಪ್ಪು ರಸದಲ್ಲಿ ಚಿಕೋರಿ ಎಷ್ಟು?

ಮೇಷ್ಟ್ರು (6:15)
80ಕ್ಕೆ 20.

ತೋಟದ ಗೌಡರು (6:17)
ಹಾಗಾದ್ರೆ ಐದರಲ್ಲಿ ಒಂದು ಪಾಲು ನೀವು ಹುರಿದ ಬೇರು ಕುಡಿದಿರಿ. ಚಿಕೋರಿಯಲ್ಲಿ ಕೆಫೀನ್ ಅನ್ನೋದೇ ಇಲ್ಲ. ನಿಮಗೆ ಬೆಳಗಾಗಿದ್ದು ನಾಲ್ಕು ಪಾಲಿನಿಂದ ಮಾತ್ರ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ನಮ್ಮ ರಾಜ್ಯದಲ್ಲೇ ಬೆಳೆಯುತ್ತೆ. ಮೈಸೂರಿನಲ್ಲಿ ಕೂತು ಬೇರಿನ ಕಷಾಯಕ್ಕೆ ಕಂದ ಬರೀತೀರಲ್ಲ, ಬೇಜಾರಾಗುತ್ತೆ.

ಮೇಷ್ಟ್ರು (6:20)
ಬರೀ ಅರೇಬಿಕಾ ಪುಡಿ ಹಾಕಿದ್ರೆ ನಮ್ಮನೆ ಫಿಲ್ಟರ್‌ನಲ್ಲಿ ಡಿಕಾಕ್ಷನ್ ನೀರು ನೀರಾಗಿ ಇಳಿಯುತ್ತೆ. ಬಣ್ಣ ಬೇಕು, ಗಟ್ಟಿ ಬೇಕು. ಕತ್ತಲೆ ಅನ್ನಿಸೋಕೆ ಕಪ್ಪಗಿರಬೇಕು ತಾನೇ?

ತೋಟದ ಗೌಡರು (6:22)
ಸ್ವಲ್ಪ ರೋಬಸ್ಟಾ ಸೇರಿಸಿ, ಗಟ್ಟಿ ಬರುತ್ತೆ. ಕಾನೂನು 49 ಪಾಲಿನವರೆಗೂ ಚಿಕೋರಿ ಬೆರೆಸಲು ಬಿಡುತ್ತೆ. ಹಾಗಂತ ಬೆರೆಸಬೇಕು ಅಂತೇನಿಲ್ಲ.

ಶಿರಸಿ ಅಕ್ಕ (6:25)
ಕಾಫಿ ಜಗಳ ಬಿಡಿ. ನನ್ನದು ಇಲ್ಲಿದೆ.

ಎತ್ತಲು ಹಬ್ಬಿದ ವಿಷಮಂ
ನೆತ್ತಿಯ ಪೆರೆಯೊಡೆಯನುಂಡು ಕೊರಳೊಳ್ ತಳೆದಂ
ಕುತ್ತಂ ಕಳೆದುದು ಜಗಕಂ
ಕತ್ತಲೆಯಂ ಕುಡಿದ ಮೇಲೆ ಬೆಳಗಾಯ್ತಲ್ತೇ

ಮೇಷ್ಟ್ರು (6:27)
ನೀಲಕಂಠ. ಭೇಷ್ ಅಕ್ಕ.

ಅಂಚೆ ರಾಯರು, ಹಾಸನ (6:31)
ಇಲ್ಲಿ ಬೆಳಿಗ್ಗೆ ಐದಕ್ಕೇ ಕರೆಂಟ್ ಹೋಯ್ತು. ಹಾಲು ಬರೋಕೆ ಇನ್ನೂ ಹೊತ್ತಿತ್ತು. ಕತ್ತಲಲ್ಲೇ ಕರಿ ಕಾಫಿ ಮಾಡ್ಕೊಂಡೆ. ನಡೆದದ್ದೇ ಪದ್ಯ.

ಹತ್ತಿಸಿದೆ ಸ್ಟೌವನೆದ್ದವ-
ನೆತ್ತಿದೆ ಲೋಟವನು ತುಟಿಗೆ ಬೆಳಕಿಲ್ಲದೆಯೇ
ಮೆತ್ತಗೆ ಕಣ್ದೆರೆದಳ್ ಸತಿ
ಕತ್ತಲೆಯಂ ಕುಡಿದ ಮೇಲೆ ಬೆಳಗಾಯ್ತಲ್ತೇ

ಶಿರಸಿ ಅಕ್ಕ (6:33)
ಮೂರನೇ ಸಾಲು ಎಷ್ಟು ಚೆಂದ ರಾಯರೇ! ಅತ್ತಿಗೆಗೆ ಓದಿ ಹೇಳಿದ್ರಾ?

ಇಂಜಿನಿಯರ್ (6:34)
ರಾಯರೇ, ಮೊದಲ ಸಾಲು ಎಣಿಸಿ ನೋಡಿ. ನನಗೆ 13 ಬಂತು.

ಅಂಚೆ ರಾಯರು (6:35)
ನನಗೆ 12.

ಇಂಜಿನಿಯರ್ (6:36)
'ಹತ್ತಿಸಿದೆ ಸ್ಟೌ'. 'ದೆ' ಮುಂದೆ ಒತ್ತಕ್ಷರ ಕೂತಿದೆ, ಹಾಗಾಗಿ 'ದೆ' ಭಾರವಾಗಿ ಎರಡು ಮಾತ್ರೆ ಆಗುತ್ತೆ.

ಅಂಚೆ ರಾಯರು (6:38)
ಕೂತಿರಲಿ. ಅದು ಬೇರೆ ಪದ. 'ಹತ್ತಿಸಿದೆ' ಅಂತ ಹೇಳಿ ಮುಗಿಸಿ, ಆಮೇಲೆ 'ಸ್ಟೌ' ಅಂತೀನಿ. ಜೋರಾಗಿ ಓದಿ, ಎಲ್ಲಿ ಭಾರ ಬೀಳುತ್ತೆ ತೋರಿಸಿ.

ಇಂಜಿನಿಯರ್ (6:40)
'ದೆ ಸ್ಟೌ ವ' ಒಂದೇ ಗಣ, ನಾಲ್ಕು ಮಾತ್ರೆಯ ಒಂದು ಗುಂಪು. ಗಣದ ಮಧ್ಯೆ ನಿಲ್ತೀರಾ?

ಅಂಚೆ ರಾಯರು (6:43)
ಎರಡನೇ ಸಾಲಿಗೆ ಬನ್ನಿ. 'ನು ತುಟಿಗೆ'. ಅಲ್ಲಿ 'ನು' ಆದ ಮೇಲೆ ನಿಲ್ಲಲೇಬೇಕು, ಇಲ್ಲದಿದ್ರೆ ನೀವೇ ಯತಿಭಂಗ ಅಂತ ಕೂಗ್ತಿದ್ರಿ. ಅದೂ ಗಣದ ಮಧ್ಯವೇ ಅಲ್ವಾ? ಅಲ್ಲಿ ನಿಲ್ಲೋದು ಲಕ್ಷಣ, ಇಲ್ಲಿ ನಿಂತರೆ ದೋಷ. ಇದ್ಯಾವ ನ್ಯಾಯ?

ಮೇಷ್ಟ್ರು (6:45)
'ನು ತುಟಿಗೆ' ನಿಜಕ್ಕೂ ಚೆನ್ನಾಗಿ ಬಿದ್ದಿದೆ. ನಾನೇ ಹೇಳಬೇಕು ಅಂತಿದ್ದೆ.

ಇಂಜಿನಿಯರ್ (6:47)
ಅದು ಛಂದಸ್ಸಿನ ನಿಯಮ ಬರೆದ ಲಕ್ಷಣಕಾರರು ಕೊಟ್ಟ ಜಾಗ. ಇದು ನೀವು ಮಾಡ್ಕೊಂಡ ಜಾಗ. ಎಂಟು ಜನ ಕೇಳಿದ್ದಕ್ಕೆ ಸ್ಥಳದಲ್ಲೇ ಪದ್ಯ ಹೇಳೋ ಅಷ್ಟಾವಧಾನದಲ್ಲಿ ಸಮಸ್ಯೆ ಕೊಟ್ಟ ಪೃಚ್ಛಕ ಹೀಗೆ ಸುಮ್ನೆ ಬಿಡ್ತಾನಾ? ಸುಲಭವಾಗಿ ತಿದ್ದಬಹುದು. 'ಹತ್ತಿಸಿದೆನೊಲೆಯನೆದ್ದವ' ಅನ್ನಿ. ಮುಗೀತು.

ಅಂಚೆ ರಾಯರು (6:49)
ನಾನು ಒಲೆ ಹತ್ತಿಸಿಲ್ಲ. ಸ್ಟೌ ಹತ್ತಿಸಿದೆ. 'ಒಲೆ' ಅಂದ್ರೆ ಓದೋರಿಗೆ ಸೌದೆ, ಊದುಗೊಳವೆ, ಹೊಗೆ ಎಲ್ಲ ಕಾಣುತ್ತೆ. ಹೆಂಡತಿ ಕೆಮ್ಮಿಕೊಂಡು ಏಳ್ತಾಳೆ, ಮೆತ್ತಗೆ ಕಣ್ದೆರೆಯೋದಿಲ್ಲ. ಇದು ಸುಮ್ನೆ ಹಟ ಅಲ್ಲ, ಆ ಪದದ ಮೇಲೇ ಮೂರನೇ ಸಾಲು ನಿಂತಿದೆ.

ತೋಟದ ಗೌಡರು (6:50)
ರಾಯರ ಮಾತು ಸರಿ ಅನ್ನಿಸ್ತು ನನಗೆ.

ಇಂಜಿನಿಯರ್ (6:51)
ಅರ್ಥ ಸರಿ. ಅರ್ಥಕ್ಕಾಗಿ ಮಾತ್ರೆ ಬಿಡೋ ಹಾಗಿದ್ರೆ ಗದ್ಯ ಬರೆಯಬಹುದಲ್ಲ.

ಅಂಚೆ ರಾಯರು (6:53)
ಹೋದ ಯುಗಾದಿಗೆ ನೀವು ಲ, ಳ ಬೆರೆಸಿ ಪ್ರಾಸ ಕಟ್ಟಿದ್ರಿ. ನಾನು ಒಪ್ಪಲಿಲ್ಲ. ಅದರ ಲೆಕ್ಕ ಇವತ್ತು ಚುಕ್ತಾ ಮಾಡ್ತಿದ್ದೀರಿ, ಅಷ್ಟೇ.

ಇಂಜಿನಿಯರ್ (6:54)
ಅದಕ್ಕೆ ಹಳಬರ ಆಧಾರ ಕೊಟ್ಟಿದ್ದೆ. ನೀವು ಓದಲಿಲ್ಲ.

ಅಂಚೆ ರಾಯರು (6:56)
ಆಧಾರ ನನ್ನ ಹತ್ರಾನೂ ಇದೆ. ಶಿಥಿಲದ್ವಿತ್ವ. ಒತ್ತಕ್ಷರ ಇದ್ದರೂ ಹಿಂದಿನದು ಹಗುರವಾಗೇ ಉಳಿಯುತ್ತೆ ಅಂತ ವ್ಯಾಕರಣ ಬರೆದ ಕೇಶಿರಾಜನೇ ಹೇಳಿದ್ದಾನೆ.

ಮೇಷ್ಟ್ರು (7:01)
ರಾಯರೇ, ಅಲ್ಲಿಗೆ ಹೋಗಬೇಡಿ. ಅದು 'ಅಮರ್ದು' ತರಹದ ಪದಗಳ ವಿಷಯ. ಪದದ ಒಳಗೆ ತೇಲಿಸಿ ಉಚ್ಚರಿಸೋದು. ಹೊರಗಿಂದ ಬಂದ ಸ್ಟೌಗೆ ಆ ಕೊಡೆ ಹಿಡಿಯೋಕಾಗಲ್ಲ. ನಿಮ್ಮ ಮೊದಲ ವಾದವೇ ಗಟ್ಟಿ, ಅದನ್ನೇ ಹಿಡ್ಕೊಳ್ಳಿ.

ಬ್ಯಾಂಕ್ ಭಟ್ಟರು (7:03)
ಕೇಶಿರಾಜ ಅಂದ್ರೆ ಜನ್ನನ ಅಣ್ಣನ ಮಗ ಅಲ್ವಾ?

ಮೇಷ್ಟ್ರು (7:06)
ಅಲ್ಲ. ಜನ್ನ ಅವನ ಸೋದರಮಾವ. ತಂದೆ ಮಲ್ಲಿಕಾರ್ಜುನ, 'ಸೂಕ್ತಿಸುಧಾರ್ಣವ' ಸಂಕಲನ ಮಾಡಿದವರು. ಆ ಮನೆತನದ ಕಂದದ ಹುಚ್ಚು ನೋಡಿ. ಮಾವ 1209ರಲ್ಲಿ 'ಯಶೋಧರ ಚರಿತೆ'ಯನ್ನು ಬಹುಪಾಲು ಕಂದದಲ್ಲೇ ಬರೆದ. ಅಳಿಯ 'ಶಬ್ದಮಣಿದರ್ಪಣ'ದ ವ್ಯಾಕರಣ ಸೂತ್ರಗಳನ್ನೂ ಕಂದದಲ್ಲೇ ಕೂರಿಸಿದ. ಊಟದ ಮನೆಯಲ್ಲೂ ಗಣ ಎಣಿಸ್ತಿದ್ರೋ ಏನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಅಂಥ ಮನೇಲಿ ಹುಟ್ಟಬೇಕಿತ್ತು.

ಬ್ಯಾಂಕ್ ಭಟ್ಟರು (7:08)
ನಾನೂ ಒಂದು ಶುರು ಮಾಡಿದೆ. 'ರಾತ್ರಿಯ ನಿದ್ದೆಯು ಬಾರದೆ'. ಹೇಗಿದೆ?

ಇಂಜಿನಿಯರ್ (7:08)
ಪ್ರಾಸ ಹೋಯ್ತು.

ಬ್ಯಾಂಕ್ ಭಟ್ಟರು (7:09)
ಮಾತ್ರೆ ಸರಿ ಇದೆ ತಾನೇ?

ಶಿರಸಿ ಅಕ್ಕ (7:10)
ಭಟ್ಟರೇ, 'ಹತ್ತಕೆ ಮಲಗಿದೆ ನೆಟ್ಟಗೆ' ಅಂತ ಹಿಡಿದು ಮುಂದೆ ಹೋಗಿ. ನಿದ್ದೆ ಎರಡನೇ ಸಾಲಿಗೆ ಬರಲಿ.

ನ್ಯೂಜೆರ್ಸಿ ಮಾವ (7:15)
ಎಲ್ಲರಿಗೂ ನಮಸ್ಕಾರ. ಇಲ್ಲಿ ಇನ್ನೂ ನಿನ್ನೆ ರಾತ್ರಿ. ಊಟ ಆಯ್ತು, ಮೊಮ್ಮಗಳು ಮಲಗಿದಳು. ನಿಮ್ಮ ಜಗಳ ಓದ್ತಾ ಒಂದು ಹೊಳೆಯಿತು.

ಇತ್ತಂ ಮುಳುಗಿದ ನೇಸರ-
ನತ್ತಂ ನಿಮ್ಮೂರೊಳೆದ್ದು ನಗುವಂ ಬೀರಲ್
ಹೊತ್ತಿನ ಬಾಯಾರಿಕೆ ನೋಡ್
ಕತ್ತಲೆಯಂ ಕುಡಿದ ಮೇಲೆ ಬೆಳಗಾಯ್ತಲ್ತೇ

ಮೇಷ್ಟ್ರು (7:17)
ಹೊತ್ತಿನ ಬಾಯಾರಿಕೆ! ಸರಿ.

ಇಂಜಿನಿಯರ್ (7:17)
ಸರಿ ಇದೆ.

ಅಂಚೆ ರಾಯರು (7:19)
ಚೆನ್ನಾಗಿದೆ. ಇಂಜಿನಿಯರ್ ಸಾಹೇಬ್ರೇ, ನಮ್ಮದು ಇನ್ನೂ ಮುಗಿದಿಲ್ಲ.

ಶಿರಸಿ ಅಕ್ಕ (7:22)
ನಮ್ಮ ಅಮ್ಮ 'ಇಸ್ಟೌ' ಅಂತಲೇ ಅನ್ನೋರು. 'ಇಸ್ಕೂಲು' ಅಂದ ಹಾಗೆ. ಇಂಜಿನಿಯರ್ ಹೇಳೋ ಭಾರ ಅಮ್ಮನ ನಾಲಿಗೆಗೆ ಗೊತ್ತಿತ್ತು. ಅದನ್ನು ಹಿಂದಿನ ಪದದ ಮೇಲೆ ಹೊರಿಸದೆ, ತಾನೇ ಒಂದು 'ಇ' ತಂದು ಅದರ ಮೇಲೆ ಇಟ್ಟಳು.

ಮೇಷ್ಟ್ರು (7:29)
ಅಕ್ಕ ಸರಿಯಾದ ಜಾಗಕ್ಕೆ ಬಂದರು. ಅಚ್ಚಗನ್ನಡದ ಮಾತು ಯಾವುದೂ ಒತ್ತಕ್ಷರದಿಂದ ಶುರುವಾಗಲ್ಲ. ಮನೆ, ಮರ, ಹಾಲು, ಒಲೆ ಎಲ್ಲ ನೋಡಿ. ಹಾಗಾಗಿ ಈ ಜಗಳ ನಮ್ಮ ಮಾತಿನ ಒಳಗೆ ಹುಟ್ಟಿದ್ದಲ್ಲ. ಮೊದಲು ಸಂಸ್ಕೃತದ ಜೊತೆ ಬಂತು, ಈಗ ಇಂಗ್ಲಿಷಿನ ಜೊತೆ ಮತ್ತೆ ಬಂದಿದೆ. ಸಮಾಸದಲ್ಲಿ ಎರಡು ಪದ ಅಂಟಿಕೊಂಡರೆ ಭಾರ ಬಿದ್ದೇ ಬೀಳುತ್ತೆ, ಅದರಲ್ಲಿ ತಕರಾರಿಲ್ಲ. ಬಿಡಿಬಿಡಿಯಾಗಿ ನಿಂತ ಪದಗಳಲ್ಲಿ ಕನ್ನಡದ ಕಿವಿ ಅಷ್ಟು ಕಟ್ಟುನಿಟ್ಟಲ್ಲ. ನಾನು ಮೂವತ್ತಕ್ಕೂ ಜಾಸ್ತಿ ವರ್ಷ ಮಕ್ಕಳ ಬಾಯಲ್ಲಿ ಪದ್ಯ ಓದಿಸಿದ್ದೇನೆ. ಕರಿಹಲಗೆಯ ಮೇಲೆ ಲಘು, ಗುರು ಗುರುತಿಸಿ ಪ್ರಸ್ತಾರ ಹಾಕಿದಾಗ ಒಂದು ಲೆಕ್ಕ ಬರುತ್ತೆ, ಮಗು ರಾಗವಾಗಿ ಓದಿದಾಗ ಇನ್ನೊಂದು. ನಾನು ಮಗುವಿನ ಕಡೆ. ರಾಯರ ಪದ್ಯ ನಿಲ್ಲುತ್ತೆ.

ಇಂಜಿನಿಯರ್ (7:33)
ಮೇಷ್ಟ್ರ ಮೇಲೆ ಗೌರವ ಇದೆ. ಆದರೆ ಒಪ್ಪಲ್ಲ. ಇವತ್ತು ಸ್ಟೌ ಬಿಟ್ಟರೆ ನಾಳೆ ಫ್ರಿಜ್ಜು, ನಾಡಿದ್ದು ಸ್ಕೂಟರು. ಕಂದಕ್ಕೆ ಬೇಲಿ ಇರೋದಕ್ಕೇ ಅದು ಸಾವಿರ ವರ್ಷ ಉಳಿದಿದೆ. ಸಡಿಲ ಬೇಕು ಅನ್ನೋರಿಗೆ ಬೇರೆ ಎಷ್ಟೊಂದು ಮಟ್ಟುಗಳಿವೆ.

ನ್ಯೂಜೆರ್ಸಿ ಮಾವ (7:35)
ಇದರಲ್ಲಿ ನಾನು ಇಂಜಿನಿಯರ್ ಕಡೆ. ದೂರದಲ್ಲಿ ಕೂತವರಿಗೆ ಬೇಲಿ ಬೇಕು. ಇಲ್ಲಿ ದಿನವಿಡೀ ಕಿವಿಗೆ ಬೀಳೋ ಕನ್ನಡವೇ ಕಮ್ಮಿ, ಬರೀ ಕಿವಿ ನಂಬಿ ಬರೆದರೆ ನನ್ನ ಪದ್ಯ ಎಲ್ಲಿಗೋ ಹೋಗುತ್ತೆ.

ಶಿರಸಿ ಅಕ್ಕ (7:41)
ಬೇಲಿ ಎಲ್ಲರಿಗೂ ಒಂದೇ ಇರಬೇಕಲ್ಲ. ನಾನು ಈಗ ಮೊದಲಿಂದ ಓದ್ತಾ ಬಂದೆ. 6:02ರ ಪದ್ಯ, ಮೂರನೇ ಸಾಲು. 'ಮತ್ತೆ ಪ್ರಕಾಶಂ'.

ತೋಟದ ಗೌಡರು (7:42)
ಅಯ್ಯಯ್ಯೋ.

ಅಂಚೆ ರಾಯರು (7:42)
ಅಕ್ಕಾ! ನಿಮ್ಮ ಹೊಟ್ಟೆ ತಣ್ಣಗಿರಲಿ! 'ತ್ತೆ' ಮುಂದೆ 'ಪ್ರ'. ಎಣಿಸಿ ಸಾಹೇಬ್ರೇ, ನನಗೆ 13 ಬಂತು!

ಬ್ಯಾಂಕ್ ಭಟ್ಟರು (7:43)
ನನಗೂ 13.

ಇಂಜಿನಿಯರ್ (7:50)
ಮೂರನೇ ಸಾಲು ಬದಲಿಸಿದ್ದೇನೆ. 'ಮತ್ತಂ ಹೊಂಬೆಳಕಾದುದು'. ಈಗ ಯಾರ ಕಿವಿಗೂ, ಯಾರ ಪ್ರಸ್ತಾರಕ್ಕೂ ತೊಂದರೆ ಇಲ್ಲ. ನಿಯಮ ನಿಯಮವೇ. ರಾಯರೂ ತಮ್ಮದನ್ನು ಬದಲಿಸಲಿ.

ಅಂಚೆ ರಾಯರು (7:52)
ನಾನು ಬದಲಿಸಲ್ಲ. ಸ್ಟೌ ಅಲ್ಲೇ ಇರುತ್ತೆ. ನಿಮ್ಮ 'ಪ್ರಕಾಶ'ವೂ ನನಗೆ ಒಪ್ಪಿಗೆಯೇ ಇತ್ತು. ತೆಗೆದದ್ದು ನೀವು.

ಮೇಷ್ಟ್ರು (7:55)
'ಹೊಂಬೆಳಕು' ಇನ್ನೂ ಚೆನ್ನಾಗಿದೆ. ಪೊರೆ ತೆಗೆದ ಕಣ್ಣಿಗೆ ಎಲ್ಲ ಹೊಸದಾಗಿ ಕಾಣುತ್ತೆ ಅಂತ ನೀವೇ ಹೇಳಿದ್ರಿ. ಜಗಳದಿಂದ ಒಂದು ಒಳ್ಳೆ ಪದ ಬಂತು. ಪದ್ಯಗಳೆಲ್ಲ ಲೆಕ್ಕಕ್ಕೆ ಸೇರಿದವು. ಇವತ್ತಿನ ಮೊದಲ ಜಾಗ ನ್ಯೂಜೆರ್ಸಿಗೆ.

ನ್ಯೂಜೆರ್ಸಿ ಮಾವ (7:56)
ಧನ್ಯವಾದ. ಇನ್ನು ಮಲಗ್ತೀನಿ.

ಬ್ಯಾಂಕ್ ಭಟ್ಟರು (7:58)
ನನ್ನದು ತಿಂಡಿ ಆದ ಮೇಲೆ. ಇಲ್ಲಿ ಅಕ್ಕಿರೊಟ್ಟಿ ರೆಡಿ ಇದೆ.

ಮೇಷ್ಟ್ರು (7:59)
ನಾಳೆ ಸಮಸ್ಯೆ ಕೊಡುವ ಸರದಿ ರಾಯರದು. ಈಗಲೇ ಹಾಕಿಬಿಡಿ, ರಾತ್ರಿಯೆಲ್ಲ ಯೋಚಿಸೋಕೆ ಆಗುತ್ತೆ.

ಅಂಚೆ ರಾಯರು (8:06)
ತಗೊಳ್ಳಿ. ಕಂದವೇ.

ಮುದುಕನ ಪ್ರಾಯಂ ಮರಳ್ದು ಬಂದುದು ನೋಡಾ

ಇಂಜಿನಿಯರ್ (8:07)
ರಾಯರೇ, 'ನ' ಮುಂದೆ 'ಪ್ರಾ'! ಇದು 21!

ಅಂಚೆ ರಾಯರು (8:07)
20. ಗೊತ್ತಿದ್ದೇ ಹಾಕಿದ್ದೇನೆ.