ಮಲ್ಲೇಶ್ವರದ ಹಳೇ ಮನೆ ಜೆಡಿಗೆ (ಜಾಯಿಂಟ್ ಡೆವಲಪ್‌ಮೆಂಟ್) ಕೊಡೋದಾ ಬೇಡ್ವಾ? ಕೆಳಗಡೆ ಅಂಗಡಿ, ಮೇಲೆ ಫ್ಲಾಟ್ ಅಂತಿದಾನೆ ಬಿಲ್ಡರ್

ಮಾರ್ಗೋಸಾ_ಮನೆ

ಎಲ್ರಿಗೂ ನಮಸ್ಕಾರ. ಮಾರ್ಗೋಸಾ ರೋಡಿಂದ ಒಳಗೆ ಒಂದು ಕ್ರಾಸಲ್ಲಿ ತಾತ ಕಟ್ಟಿಸಿದ ಮನೆ ಇದೆ, ಸೈಟು 50x80. ಮುಂದೆ ಹೆಂಚಿನ ವರಾಂಡ, ಕಿಟಕಿ ಮೇಲೆ ಮಾಂಕಿ ಟಾಪು (ಮರದ ಪಟ್ಟಿಯ ಚೂಪು ಮುಚ್ಚಿಗೆ), ಒಳಗೆ ಮದ್ರಾಸ್ ತಾರಸಿ, ರೆಡ್ ಆಕ್ಸೈಡ್ ನೆಲ, ಹಿಂದೆ ಒಂದು ಬಾವಿ ಆಮೇಲೆ ಎರಡು ಸಣ್ಣ ಬಾಡಿಗೆ ಮನೆ. ಅಪ್ಪ ಹೋದ್ಮೇಲೆ ನಾನು, ತಮ್ಮ, ಇಬ್ರು ಅಕ್ಕಂದಿರು ಅಂತ ನಾಲ್ಕು ಭಾಗ ಆಗತ್ತೆ. ತಮ್ಮ ನ್ಯೂಜೆರ್ಸಿಲಿ ಇದಾನೆ, ಅವನಿಗೆ ಬೇಗ ಮುಗಿದ್ರೆ ಸಾಕು. ಅಮ್ಮ ಇನ್ನೂ ಅದೇ ಮನೇಲಿ ಇದಾರೆ, ಮಳೆಗಾಲ ಬಂದ್ರೆ ಹಾಲಲ್ಲಿ ಬಕೆಟ್ ಇಡೋದೇ ಕೆಲಸ.

ಈಗ ಒಬ್ಬ ಬಿಲ್ಡರ್ ಬಂದಿದಾನೆ, ಜಾಗ ನಮ್ಮದು, ಕಟ್ಟೋದು ಅವನು. ಹಿಂದುಗಡೆ ಪಾರ್ಕಿಂಗು, ಮುಂದೆ ರಸ್ತೆಗೆ ಎರಡು ಅಂಗಡಿ, ಮೇಲೆ ನಾಲ್ಕು ಫ್ಲೋರು, ಫ್ಲೋರಿಗೆ ಎರಡರಂತೆ ಒಟ್ಟು 8 ಫ್ಲಾಟು, ಅರ್ಧ ನಮಗೆ ಅರ್ಧ ಅವನಿಗೆ. ರಸ್ತೆ 40 ಅಡಿ ಇದೆ, ಕಮರ್ಷಿಯಲ್‌ಗೆ ತೊಂದ್ರೆ ಇಲ್ಲ ಅಂತಾನೆ, ನನಗೆ ನೋಡಿದ್ರೆ ಅಷ್ಟು ಅಗಲ ಇರೋ ಹಾಗೆ ಕಾಣಲ್ಲ. ನಮ್ಮ ಬೀದೀಲಿ ಆಗ್ಲೇ ಅರ್ಧಕ್ಕರ್ಧ ಮನೆ ಹೋಗಿ ಗ್ರಾನೈಟ್ ಮುಖದ ಬಿಲ್ಡಿಂಗ್ ಬಂದಿದೆ. ನಮ್ಮದೂ ಹೋದ್ರೆ ಯಾರಿಗೇನು ನಷ್ಟ ಅಂತ ಒಂದ್ಸಲ ಅನ್ಸತ್ತೆ, ಮನಸ್ಸೂ ಒಪ್ಪಲ್ಲ. ಹಳೇ ಏರಿಯಾದಲ್ಲಿ ಜೆಡಿ ಮಾಡಿರೋರು, ಮಾಡದೆ ಉಳಿಸ್ಕೊಂಡಿರೋರು, ಯಾರಾದ್ರೂ ಸರಿ, ಹೇಳಿ.

ಬಸವನಗುಡಿ_ಭಾಗಸ್ಥ

ನಾವು ಬಸವನಗುಡಿಲಿ ಮಾಡಿದ್ವಿ, ಹಾಗಾಗಿ ದುಡ್ಡು ಕಾಗದದ ವಿಷಯ ಮಾತ್ರ ಹೇಳ್ತೀನಿ.

ಮೊದಲನೇದು, ನಾಲ್ಕು ಭಾಗ ಅಲ್ಲ ಸಾರ್, ಐದು. ಅಪ್ಪ ವಿಲ್ ಬರೀದೆ ಹೋಗಿದ್ರೆ ಅಮ್ಮನಿಗೂ ಮಕ್ಕಳಷ್ಟೇ ಪಾಲು ಬರತ್ತೆ. ತಾತನಿಂದ ಅಪ್ಪನಿಗೆ ಹೇಗೆ ಬಂತು ಅನ್ನೋ ಪತ್ರ ಹುಡುಕಿ, ವಿಲ್ಲಾ, ವಿಭಾಗಾನಾ ಅನ್ನೋದರ ಮೇಲೆ ಲೆಕ್ಕ ಬದಲಾಗತ್ತೆ. ತಮ್ಮ ಅಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸೋದಾದ್ರೆ ಕಾನ್ಸುಲೇಟಲ್ಲಿ ಅಟೆಸ್ಟ್ ಮಾಡಿಸ್ಲಿ, ಪತ್ರ ಇಂಡಿಯಾಗೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು, ಅದನ್ನ ಮರೆತು ಒದ್ದಾಡೋರು ತುಂಬಾ ಜನ.

ಎರಡನೇದು ರೇರಾ, ಅಂದ್ರೆ ಬಿಲ್ಡರ್‌ಗಳನ್ನ ಹಿಡಿತದಲ್ಲಿಡೋ ರಿಯಲ್ ಎಸ್ಟೇಟ್ ಕಾಯ್ದೆ. 500 ಚದರ ಮೀಟರ್ ಮೀರದ ಜಾಗ ಅಥವಾ 8 ಮನೆ ಮೀರದ ಪ್ರಾಜೆಕ್ಟು ಆದ್ರೆ ರೇರಾ ರಿಜಿಸ್ಟ್ರೇಶನ್ ಬೇಕಾಗಲ್ಲ. ನಿಮ್ಮ 50x80 ಅಂದ್ರೆ ಸುಮಾರು 371 ಚದರ ಮೀಟರು, ಮನೆ ಸರಿಯಾಗಿ 8. ಬಿಲ್ಡರ್‌ಗಳಿಗೆ ಹಳೇ ಏರಿಯಾ ಸೈಟು ಇಷ್ಟ ಆಗೋದಕ್ಕೆ ಇದೂ ಒಂದು ಕಾರಣ. ತಡ ಆದ್ರೆ ಬಡ್ಡಿ ಕೊಡು ಅಂತ ಕೇಳೋಕೆ ನಿಮ್ಮ ಅಗ್ರಿಮೆಂಟ್ ಬಿಟ್ಟು ಬೇರೇನೂ ಕೈಯಲ್ಲಿ ಇರಲ್ಲ. ಅದಕ್ಕೇ ಅಗ್ರಿಮೆಂಟಲ್ಲೇ ಎಲ್ಲಾ ಬರೆಸಿ, ಯಾವ ತಿಂಗಳಿಗೆ ಕೀ ಕೊಡ್ತಾನೆ, ತಡ ಆದ್ರೆ ತಿಂಗಳಿಗೆ ಎಷ್ಟು, ಅಮ್ಮನಿಗೆ ಅಲ್ಲೀವರೆಗೂ ಬಾಡಿಗೆ ಯಾರು ಕೊಡೋದು. ಪ್ಲ್ಯಾನ್ ಸ್ಯಾಂಕ್ಷನ್ ಆದ ತಕ್ಷಣ ಶೇರಿಂಗ್ ಅಗ್ರಿಮೆಂಟ್ ಮಾಡ್ಕೊಂಡು ಯಾವ ಫ್ಲಾಟು ಯಾರಿಗೆ, ಅಂಗಡಿ ಯಾರಿಗೆ, ಟೆರೇಸ್ ಯಾರಿಗೆ ಅಂತ ನಂಬರ್ ಹಾಕಿ ಬರೆಸಿ. ಟೆರೇಸ್ ವಿಷಯ ಬರೀದೆ ಬಿಟ್ರೆ ಅಲ್ಲೊಂದು ಪೆಂಟ್‌ಹೌಸ್ ಏಳತ್ತೆ.

ಟ್ಯಾಕ್ಸು: 2017ರಿಂದ ಒಂದು ಅನುಕೂಲ ಇದೆ, ರಿಜಿಸ್ಟರ್ ಆದ ಜೆಡಿ ಆದ್ರೆ ವ್ಯಕ್ತಿಗಳಿಗೆ ಕ್ಯಾಪಿಟಲ್ ಗೇನ್ಸ್ (ಆಸ್ತಿ ಲಾಭದ ಮೇಲಿನ ತೆರಿಗೆ) ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ವರ್ಷ ಬೀಳತ್ತೆ, ಸೈನ್ ಹಾಕಿದ ವರ್ಷ ಅಲ್ಲ. ಆದ್ರೆ ಅದಕ್ಕೆ ಮೊದಲೇ ನಿಮ್ಮ ಪಾಲು ಮಾರಿದ್ರೆ ಆ ಅನುಕೂಲ ಹೋಯ್ತು. ಬೇಗ ಮುಗಿಸ್ಬೇಕು ಅನ್ನೋ ತಮ್ಮನಿಗೆ ಇದನ್ನ ಮೊದ್ಲೇ ಹೇಳಿಡಿ.

ಕೊನೇದು, ಒಂದು ಫ್ಲೋರ್ ಎಕ್ಸ್‌ಟ್ರಾ ಎಬ್ಬಿಸ್ತೀನಿ ಆಮೇಲೆ ಸಕ್ರಮ ಆಗತ್ತೆ ಅಂದ್ರೆ ಎದ್ದು ಬನ್ನಿ. ಅಕ್ರಮ ಸಕ್ರಮಕ್ಕೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ, 2024 ಡಿಸೆಂಬರ್ ತೀರ್ಪಾದ್ಮೇಲೆ ಓಸಿ (ವಾಸಕ್ಕೆ ಯೋಗ್ಯ ಅಂತ ಕೊಡೋ ಸರ್ಟಿಫಿಕೇಟ್) ಇಲ್ದೆ ಕರೆಂಟು ನೀರಿನ ಕನೆಕ್ಷನ್‌ಗೂ ಕಷ್ಟ. 1200 ಚದರ ಅಡಿ ಒಳಗಿನ ಸೈಟಿಗೆ ರಾಜ್ಯ ಸರ್ಕಾರ ಆಮೇಲೆ ವಿನಾಯಿತಿ ಕೊಡ್ತು, ನಿಮ್ಮದು 4000, ಆ ಲೆಕ್ಕಕ್ಕೇ ಬರಲ್ಲ.

ಗಾರೆ_ಸುಣ್ಣ

ಮೇಲಿನವರು ಹೇಳಿದ್ದು ಕರೆಕ್ಟು, ಆದ್ರೆ ಪೂರ್ತಿ ಒಡೀಬೇಕು ಅಂತ ಆಗ್ಲೇ ತೀರ್ಮಾನ ಆಗಿರೋ ಹಾಗೆ ಮಾತು ಹೋಗ್ತಿದೆ. ನಾನು ಆರ್ಕಿಟೆಕ್ಟು, ಹಳೇ ಮನೆ ರಿಪೇರಿ ಜಾಸ್ತಿ ಮಾಡ್ತೀನಿ, ಹಾಗಾಗಿ ನಾನು ಹಳೇ ಮನೆ ಪರ ಅನ್ನೋದನ್ನ ನೆನಪಿಟ್ಕೊಂಡೇ ಓದಿ.

ಮಲ್ಲೇಶ್ವರ, ಬಸವನಗುಡಿ ಎರಡೂ ಬೆಳೆದಿದ್ದು 1898ರ ಪ್ಲೇಗಿನ ಹೊತ್ತಲ್ಲಿ, ಪೇಟೇಲಿ ಗೋಡೆಗೆ ಗೋಡೆ ಅಂಟ್ಕೊಂಡು ಗಾಳಿ ಬೆಳಕಿಲ್ದೆ ಜನ ಸಾಯ್ತಿದ್ರು ಅಂತ. ಅದಕ್ಕೇ ಇಲ್ಲಿ ನೇರ ನೇರ ರಸ್ತೆ, ಸೈಟಿನ ಸುತ್ತ ಜಾಗ, ಮನೆ ಹಿಂದೆ ಕನ್ಸರ್ವೆನ್ಸಿ ಲೇನ್. ಆಗ ಮಲ ಹೊರೋರು ಆ ಲೇನಲ್ಲೇ ಬರ್ತಿದ್ರು, ಮುಂದಿನ ರಸ್ತೇಲಿ ಅವರು ಕಾಣಬಾರದು ಅಂತ, ಆ ಕೊಳಕು ಇತಿಹಾಸನೂ ಸೇರ್ಸೇ ಹೆರಿಟೇಜು ಅನ್ನಬೇಕು. ಈಗ ಕೆಲವು ಲೇನ್ ಕ್ಲೀನ್ ಮಾಡಿ ಗೋಡೆಗೆ ಬಣ್ಣ ಬಳಿದು ಜನ ನಡೆಯೋ ದಾರಿ ಮಾಡಿದಾರೆ, ನೋಡ್ಕೊಂಡು ಬನ್ನಿ ಚೆನ್ನಾಗಿದೆ.

ನನ್ನ ಪ್ರಕಾರ ಈ ಬಡಾವಣೆಯಲ್ಲಿ ಉಳೀಬೇಕಾಗಿರೋದು ಆ ಗಾಳಿ ಬೆಳಕಿನ ಸಂದು, ಮಾಂಕಿ ಟಾಪು ಅದಾದ್ಮೇಲೆ. ಹೊಸ ಮನೆ ಬರ್ಲಿ, ಇನ್ನೂ ನಾಲ್ಕು ಸಂಸಾರ ಬರ್ಲಿ, ಮಲ್ಲೇಶ್ವರದಲ್ಲಿ ವಠಾರಗಳು ಇದ್ದಾಗ ಒಂದು ಸೈಟಲ್ಲಿ ಹತ್ತು ಒಲೆ ಉರೀತಿತ್ತು, ಯಾರೂ ಅಯ್ಯೋ ಊರು ಹಾಳಾಯ್ತು ಅನ್ಲಿಲ್ಲ. ಮುಂದೆ ಅಂಗಡಿ ಹಿಂದೆ ಮನೆ ಅನ್ನೋದೂ ಸಂಪಿಗೆ ರೋಡಿಗೆ ಹೊಸದಲ್ಲ. ಈಗ ಕೆಟ್ಟಿರೋದು ನೆಲಮಟ್ಟ. ರಸ್ತೆಗೆ ಮುಖ ಮಾಡಿ ಬರೀ ಪಾರ್ಕಿಂಗ್ ಕಂಬ, ರೋಲಿಂಗ್ ಗೇಟು, ಜಗಲಿ ಇಲ್ಲ, ಗಿಡ ಇಲ್ಲ, ಎರಡೂ ಪಕ್ಕ ಕೈ ಚಾಚಿದ್ರೆ ಪಕ್ಕದ ಮನೆ ಕಿಟಕಿ. ಅಂಥವು ಸಾಲಾಗಿ ಬಂದ ಬೀದೀಲಿ ಸಂಜೆ ನಡೆದ್ರೆ ಗೊತ್ತಾಗತ್ತೆ.

ನಿಮ್ಮ ಸೈಟಿಗೆ ಇನ್ನೊಂದು ದಾರಿ ಇದೆ. 80 ಅಡಿ ಆಳದಲ್ಲಿ ಹಳೇ ಮನೆ ಮುಂದಿನ ಅರ್ಧ ತಾನೇ ಹಿಡಿದಿರೋದು? ಹಿಂದಿನ ಬಾಡಿಗೆ ಮನೆ ಜಾಗದಲ್ಲಿ ಮೂರು ಫ್ಲೋರಿನ ಸಣ್ಣ ಕಟ್ಟಡ, ನಾಲ್ಕೈದು ಸಣ್ಣ ಮನೆ ಕೂರತ್ತೆ, ಪಕ್ಕದ ಸೆಟ್‌ಬ್ಯಾಕಲ್ಲೇ (ಖಾಲಿ ಬಿಡೋ ಜಾಗ) ಓಡಾಟ. ಮುಂದಿನ ಮನೇನ ರಿಪೇರಿ ಮಾಡಿ ಅಮ್ಮ ಇರ್ಲಿ, ಇಲ್ಲಾ ಒಂದು ಭಾಗನ ಕ್ಲಿನಿಕ್ಕಿಗೋ ಆಫೀಸಿಗೋ ಕೊಡಿ. ಹಳೇ ಮನೆ ವಿಸ್ತೀರ್ಣನೂ ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಕಟ್ಟಬಹುದು ಅನ್ನೋ ಮಿತಿ) ಲೆಕ್ಕಕ್ಕೆ ಬರತ್ತೆ, ಕಾರ್ ಪಾರ್ಕಿಂಗ್ ಹೊಂದಿಸೋದು ತಲೆನೋವೇ. ಲೇನ್ ಕಡೆಗೆ ಗೇಟು ಇಟ್ಟು ಅದನ್ನೇ ರಸ್ತೆ ಅಂತ ಪ್ಲ್ಯಾನಲ್ಲಿ ತೋರ್ಸೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳಬೇಡಿ.

ಸೋರೋದರ ಬಗ್ಗೆ ಹೆದರ್ಕೋಬೇಡಿ. ಮದ್ರಾಸ್ ತಾರಸಿ ಅಂದ್ರೆ ತೇಗದ ತೊಲೆ ಮೇಲೆ ಇಟ್ಟಿಗೆನ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೇಲಿ ಕಟ್ಟಿರ್ತಾರೆ, ಮೇಲೆ ಇಟ್ಟಿಗೆ ಜಲ್ಲಿ ಸುಣ್ಣದ ಪದರ. ಸೋರತ್ತೆ ಅಂತ ಅದರ ಮೇಲೆ ಸಿಮೆಂಟ್ ಎಳೆಸಿರ್ತಾರೆ, ಆ ಸಿಮೆಂಟು ತೇವನ ಒಳಗೇ ಹಿಡ್ಕೊಂಡು ತೊಲೆ ತಲೆ ಕೊಳೆಯತ್ತೆ. ಗೋಡೆಗೆ ಸೇರೋ ಜಾಗದಲ್ಲಿ ತೊಲೆ ತಲೆನ ತಟ್ಟಿ ನೋಡಿಸಿ. ಗಟ್ಟಿ ಇದ್ರೆ ಮನೆ ಗಟ್ಟಿ.

ಬಾವಿ ಮುಚ್ಚಬೇಡಿ. ಹೊಸದಾಗಿ ಕಟ್ಟಿದ್ರೂ ಮಳೆನೀರು ಕೊಯ್ಲು ಕಡ್ಡಾಯ, ಛಾವಣಿ ನೀರು ಫಿಲ್ಟರ್ ಮಾಡಿ ಬಾವಿಗೇ ಬಿಡಿ. 2024ರ ಬೇಸಿಗೇಲಿ ಟ್ಯಾಂಕರ್‌ಗೆ ಕಾದವರಿಗೆ ಬಾವಿ ಬೆಲೆ ಗೊತ್ತು.

ಸಂಪಿಗೆ_ರೋಡ್_ಸುಬ್ಬು

ಆರ್ಕಿಟೆಕ್ಟ್ ಸಾಹೇಬ್ರು ಚೆನ್ನಾಗಿ ಬರೆದಿದೀರಿ, ಬಿಲ್ ಯಾರು ಕೊಡೋದು? ಸುಣ್ಣದ ಗಾರೆ ಕೆಲಸದವರು ಸಿಗಲ್ಲ, ಸಿಕ್ರೂ ಕೂಲಿ ಕೇಳಿದ್ರೆ ಎದೆ ಝಲ್ ಅನ್ನತ್ತೆ. ಐದು ಜನ ಪಾಲುದಾರರು, ಹಳೇ ಮನೇನ ಐದು ಹೋಳು ಮಾಡೋಕಾಗತ್ತಾ? ಫ್ಲಾಟ್ ಆದ್ರೆ ಆಗತ್ತೆ. ಅಕ್ಕಂದಿರಿಗೆ ನ್ಯಾಯವಾಗಿ ಪಾಲು ಕೊಡ್ಬೇಕು ಅಂದ್ರೆ ಇದೇ ಸುಲಭದ ದಾರಿ, ಮೊದಲೆಲ್ಲಾ ಮನೆ ಉಳೀತಿತ್ತು ಅಂದ್ರೆ ಹೆಣ್ಮಕ್ಕಳಿಗೆ ಸೀರೆ ಅರಿಶಿನ ಕುಂಕುಮ ಕೊಟ್ಟು ಸೈನ್ ಹಾಕಿಸ್ಕೊಂಡು ಉಳಿಸ್ತಿದ್ರು. ಅದನ್ಯಾರೂ ಹೆರಿಟೇಜ್ ವಾಕಲ್ಲಿ ಹೇಳಲ್ಲ.

ಖಾಸಗಿ ಮನೆ ಉಳಿಸ್ಕೊಂಡವನಿಗೆ ಈ ಊರಲ್ಲಿ ಸಿಗೋದು ಒಂದು ಫೋಟೋ, ಎರಡು ಲೈಕು. ಸಿ.ವಿ. ರಾಮನ್ ಅವರ ಮನೆ ಪಂಚವಟಿ ಉಳಿದಿದೆ, ಹಿಂದೆ ಟ್ರಸ್ಟು ಇದೆ. ನಮ್ಮ ನಿಮ್ಮ ತಾತ ನೊಬೆಲ್ ತಗೊಂಡಿಲ್ಲ.

ಮಾಳಮಡ್ಡಿ_ಮಂದಿ

ನಮಸ್ಕಾರ್ರೀ. ನಾ ಮೂಲ ಧಾರವಾಡದಾವ, ಸದ್ಯಕ್ಕ ಮಲ್ಲೇಶ್ವರದಾಗ ಒಂದು ಹಳೇ ಮನಿ ಹಿಂದಿನ ಔಟ್‌ಹೌಸಿನ್ಯಾಗ ಬಾಡಿಗಿ ಅದೀನಿ. ನೀವೆಲ್ಲಾ ಪಾಲು, ರೇಶಿಯೋ, ತೊಲಿ ಅಂತ ಮಾತಾಡಾಕತ್ತೀರಿ, ಹಿಂದಿನ ಎರಡು ಬಾಡಿಗಿ ಮನಿಯಾಗ ಇರೋ ಮಂದಿ ಸುದ್ದಿನ ಇಲ್ಲ ನೋಡ್ರಿ. ಈ ಏರಿಯಾದಾಗ ಹೂವು ಮಾರಾಕಿ, ಗುಡಿ ಅಡಗಿಯಾಂವ, ಇಸ್ತ್ರಿ ಮಾಡಾವ, ಮನಿಗೆಲಸದಾಕಿ, ನನ್ನಂಥ ಸಣ್ಣ ಸಂಬಳದ ಮಾಸ್ತರ, ಎಲ್ಲಾರೂ ಇರೋದು ಇಂಥಾ ಔಟ್‌ಹೌಸಿನ್ಯಾಗ, ವಠಾರದಾಗ. ಮುಂದಿನ ಮನಿ ಬಿತ್ತಂದ್ರ ಹಿಂದಿಂದೂ ಬಿತ್ತು. ಎಂಟು ಹೊಸ ಮನಿ ಬಂದ್ವು ಅಂತೀರಿ, ಎಲ್ಲಾ ಮೂರು ಬೆಡ್‌ರೂಮಿನವು, ಮಾರಾಟಕ್ಕ ಇಟ್ಟಾವ, ಹೋದ ಎರಡು ಬಾಡಿಗಿ ಮನಿ ಲೆಕ್ಕ ಯಾರೂ ಕಳಿಯಾಂಗಿಲ್ಲ.

2014ಕ್ಕ ಮೆಟ್ರೋ ಸಂಪಿಗೆ ರೋಡಿಗೆ ಬಂತು. ಸ್ಟೇಷನ್ ಸಮೀಪ ಹೆಚ್ಚು ಮಂದಿ ಇರಬೇಕು ಅಂತಾರ, ಖರೇ ಐತಿ, ಆದ್ರ ಮೆಟ್ರೋದಾಗ ಓಡಾಡೋ ಮಂದಿ ನಾವು, ಹೊಸ ಫ್ಲಾಟಿನವ್ರು ಎರಡೆರಡು ಕಾರು ತಂದು ರಸ್ತಾದ ಮ್ಯಾಲೆ ನಿಲ್ಲಿಸ್ತಾರ. ಗಾರೆ_ಸುಣ್ಣ ಅವರು ಹೇಳಿದ್ಹಂಗ ಹಿಂದ ಸಣ್ಣ ಸಣ್ಣ ಮನಿ ಕಟ್ಟೋದು ನನಗ ಬರೋಬ್ಬರಿ ಅನಸ್ತೈತಿ, ಒಂದು ಬೆಡ್‌ರೂಮಿನವು ಕಟ್ರಿ, ಬಾಡಿಗಿ ಖಾಲಿ ಉಳಿಯಾಂಗಿಲ್ಲ. ಇರೋ ಬಾಡಿಗಿದಾರರಿಗೆ ಮೊದಲ ಕೇಳ್ರಿ, ತಿರುಗಿ ಬರತೀರೇನು ಅಂತ.

ಅಗ್ರಹಾರ_ಮೈಸೂರು

ಮೈಸೂರಿಂದ ಒಂದೇ ಮಾತು. ಏನೂ ತೀರ್ಮಾನ ಮಾಡ್ದೆ ಕೂತ್ಕೋಬೇಡಿ. ಇಲ್ಲಿ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಒಂದು ಭಾಗ 2012ರಲ್ಲಿ ಬಿತ್ತು, ದೇವರಾಜ ಮಾರ್ಕೆಟ್ದು 2016ರಲ್ಲಿ. ಒಡೀಬೇಕಾ ರಿಪೇರಿ ಮಾಡ್ಬೇಕಾ ಅಂತ ಜಗ್ಗಾಟ ವರ್ಷಗಟ್ಟಲೆ ನಡೀತು, ಅಷ್ಟರಲ್ಲಿ ಮಳೆ ತನ್ನ ಕೆಲಸ ಮಾಡ್ತಾ ಇತ್ತು. ಈ ಮಳೆಗಾಲಕ್ಕೆ ಮುಂಚೆ ಕನಿಷ್ಠ ಒಂದು ಟಾರ್ಪಲಿನ್ ಆದ್ರೂ ಹಾಕ್ಸಿ.

ಮಾರ್ಗೋಸಾ_ಮನೆ

ಇಷ್ಟು ಬರೆದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಹಿಂದಿನ ಮನೇಲಿ ಇರೋರು ಒಬ್ರು ನಾನು ಸ್ಕೂಲಿಗೆ ಹೋಗೋವಾಗಿಂದ ಇದಾರೆ, ಅವರ ಹತ್ರ ಈ ವಿಷಯ ಎತ್ತೇ ಇಲ್ಲ, ಭಾನುವಾರ ಮಾತಾಡ್ತೀನಿ. ತೊಲೆ ತಟ್ಟಿ ನೋಡೋಕೆ ಒಬ್ಬ ಇಂಜಿನಿಯರ್‌ನ ಕರೆಸ್ತೀನಿ. ದೊಡ್ಡಕ್ಕನಿಗೆ ಹಿಂದೆ ಕಟ್ಟೋ ಐಡಿಯಾ ಇಷ್ಟ ಆಯ್ತು, ತಮ್ಮನಿಗೆ ಅವನ ಪಾಲಿನ ದುಡ್ಡು ಬ್ಯಾಂಕ್ ಲೋನ್ ಮಾಡಿ ಕೊಟ್ಟು ಅವನ ಕಡೆಯಿಂದ ರಿಲೀಸ್ ಡೀಡ್ (ಪಾಲು ಬಿಟ್ಟುಕೊಡೋ ಪತ್ರ) ತಗೊಂಡ್ರೆ ಹೇಗೆ ಅಂತ ಕೇಳ್ತಿದಾಳೆ. ಚಿಕ್ಕಕ್ಕ ಇನ್ನೂ ಬಿಲ್ಡರ್ ಕಡೆಗೇ ಇದಾಳೆ.

ಅಂಗಡಿ ವಿಷಯ ಮಾತ್ರ ಯಾರೂ ಬಿಡಿಸಿ ಹೇಳ್ಲಿಲ್ಲ. ಒಡೆದ್ರೂ ಒಡೀದಿದ್ರೂ ಮುಂದೆ ಒಂದು ಅಂಗಡಿ ಬಾಡಿಗೆ ಬಂದ್ರೆ ಅಮ್ಮನಿಗೆ ಆಧಾರ.

ಬಸವನಗುಡಿ_ಭಾಗಸ್ಥ

ಅಂಗಡಿಗೆ ಮೊದಲು ರಸ್ತೆ ಅಳತೆ. ಹಳೇ ಬಡಾವಣೆಗಳ ರೆಸಿಡೆನ್ಷಿಯಲ್ ಝೋನಲ್ಲಿ 40 ಅಡಿಗಿಂತ ಸಣ್ಣ ರಸ್ತೇಲಿ ಅಂಗಡಿ ಇಟ್ರೆ ತಕರಾರು ಗ್ಯಾರಂಟಿ, ಒಬ್ಬ ನೆರೆಯವರು ಕಂಪ್ಲೇಂಟ್ ಕೊಟ್ರೆ ಸಾಕು. ಬಿಲ್ಡರ್ ಬಾಯಿಮಾತು ಬೇಡ, ನಿಮ್ಮ ಬೀದಿ ಯಾವ ಝೋನು, ದಾಖಲೇಲಿ ಅಗಲ ಎಷ್ಟು ಅಂತ ಕಾರ್ಪೊರೇಷನ್ನಲ್ಲಿ ಬರವಣಿಗೇಲಿ ತಗೊಳ್ಳಿ, ಈಗ ಬಿಬಿಎಂಪಿ ಹೋಗಿ ಐದು ಕಾರ್ಪೊರೇಷನ್ ಆಗಿದೆ, ಯಾವ ಆಫೀಸು ಅಂತ ಹುಡುಕೋದೇ ಒಂದು ಕೆಲಸ. ಇ-ಖಾತಾ ಇನ್ನೂ ಮಾಡ್ಸಿಲ್ಲ ಅಂದ್ರೆ ಅದನ್ನೂ ಜೊತೇಲೇ ಹಿಡೀರಿ.

ರಸ್ತೆ ಸರಿ ಇದ್ರೂ ಯಾವ ಅಂಗಡಿ ಅನ್ನೋದು ಮುಖ್ಯ. ಮೆಡಿಕಲ್ಲು, ಟೈಲರು, ಪುಸ್ತಕದಂಗಡಿ, ಕಾಂಡಿಮೆಂಟ್ಸ್ ಬಂದ್ರೆ ಮೇಲಿನ ಮನೆಯವರಿಗೂ ಅನುಕೂಲ. ಹೋಟ್ಲು ಬಂತೋ, ಬೆಳಗ್ಗೆ ಐದಕ್ಕೆ ಸಿಲಿಂಡರ್ ಸದ್ದು, ಎಕ್ಸಾಸ್ಟ್ ಹೊಗೆ ನೇರ ಫಸ್ಟ್ ಫ್ಲೋರ್ ಬೆಡ್‌ರೂಮಿಗೆ, ಮುಂದೆ ಡೆಲಿವರಿ ಬೈಕುಗಳು. ಬಾಡಿಗೆ ಅವರೇ ಜಾಸ್ತಿ ಕೊಡೋದು, ಅದೇ ಕಷ್ಟ. ಫ್ಲಾಟ್ ಮಾಡಿದ್ರೆ ಡೀಡ್ ಆಫ್ ಡಿಕ್ಲರೇಶನ್ನಲ್ಲೇ (ಇಡೀ ಕಟ್ಟಡಕ್ಕೆ ಅನ್ವಯಿಸೋ ಪತ್ರ) ಅಡುಗೆ ಒಲೆ ಇರೋ ವ್ಯಾಪಾರ ಇಲ್ಲ ಅಂತ ಬರೆಸಿಬಿಡಿ. ಹಳೇ ಮನೆ ಉಳಿಸ್ಕೊಂಡು ಬಾಡಿಗೆ ಕೊಡೋದಾದ್ರೆ ಲೀಸ್ ಡೀಡಲ್ಲಿ ಅದೇ ಸಾಲು, ಜೊತೆಗೆ ಗೋಡೆ ಒಡೆಯೋ ಹಾಗಿಲ್ಲ, ನೆಲಕ್ಕೆ ಟೈಲ್ಸ್ ಅಂಟಿಸೋ ಹಾಗಿಲ್ಲ, ಬೋರ್ಡು ವರಾಂಡದ ಹೆಂಚು ಮುಚ್ಚೋ ಹಾಗಿಲ್ಲ ಅಂತ. ಡ್ರಾಫ್ಟ್ ಆದ್ಮೇಲೆ ಇಲ್ಲಿ ಹಾಕಿ, ಹೆಸರು ಅಳಿಸಿ, ಓದಿ ಹೇಳ್ತೀನಿ.