ಕಾವಲಿಯ ಮೇಲೆ ಹೊತ್ತಿಕೊಳ್ಳದ ಪಾಲಿಷ್: ಸ್ವಯಂ ಜ್ವಲನ ತಾಪಮಾನದ ಪ್ರಶ್ನೋತ್ತರ

ಪ್ರಶ್ನೆ, ಸಾಗರದಿಂದ:
ನಮಸ್ಕಾರ ಮೇಡಂ. ಗುಡಿಗಾರರ ಕೆತ್ತನೆಗಳಿಗೂ ಬಾಗಿಲು, ಕಿಟಕಿಗಳಿಗೂ ಹಚ್ಚುವ ಮರದ ಪಾಲಿಷ್ ತಯಾರಿಸುವ ಚಿಕ್ಕ ಘಟಕ ನಮ್ಮದು. ಅಗಸೆ ಎಣ್ಣೆ, ಟರ್ಪೆಂಟೈನ್, ಸ್ವಲ್ಪ ಜೇನುಮೇಣ, ಇಷ್ಟೇ ಸಾಮಗ್ರಿ. ಬೆಂಗಳೂರಿನ ಖರೀದಿದಾರರೊಬ್ಬರು ಸುರಕ್ಷತಾ ಮಾಹಿತಿ ಪತ್ರ ಕೇಳಿದ್ದಾರೆ. ಅದರಲ್ಲಿ ಸ್ವಯಂ ಜ್ವಲನ ತಾಪಮಾನದ (ಕಿಡಿ ತಾಗದೆ ಬರೀ ಶಾಖದಿಂದಲೇ ಹೊತ್ತಿಕೊಳ್ಳುವ ಅತಿ ಕಡಿಮೆ ತಾಪಮಾನದ) ಕಾಲಂ ಖಾಲಿ ಉಳಿದಿದೆ. ಅಂಗಳದಲ್ಲಿ ಕಬ್ಬಿಣದ ಕಾವಲಿ ಕಾಯಿಸಿ, ಗನ್ ಥರ್ಮಾಮೀಟರ್ ಹಿಡಿದು, ಪಾಲಿಷ್ ತೊಟ್ಟಿಕ್ಕಿಸಿ ನೋಡಿದೆವು. 300 ಡಿಗ್ರಿ ತೋರಿಸಿದಾಗಲೂ ಹೊಗೆ ಎದ್ದಿತೇ ಹೊರತು ಬೆಂಕಿ ಹೊತ್ತಲಿಲ್ಲ. ‘300ಕ್ಕಿಂತ ಹೆಚ್ಚು’ ಎಂದು ಬರೆಯಬಹುದೇ?

ಉತ್ತರ, ಸುರಕ್ಷತಾ ಪರೀಕ್ಷೆಯ ರಸಾಯನತಜ್ಞೆ:
ಬರೆಯಬೇಡಿ. ಆ ಪ್ರಯೋಗವನ್ನು ಮತ್ತೆ ಮಾಡಲೂ ಬೇಡಿ. ಟರ್ಪೆಂಟೈನ್ ಒಂದರದ್ದೇ ಸ್ವಯಂ ಜ್ವಲನ ತಾಪಮಾನ ಸುಮಾರು 253 ಡಿಗ್ರಿ ಸೆಲ್ಸಿಯಸ್ ಎಂದು ಕೈಪಿಡಿಗಳಲ್ಲಿದೆ. ನಿಮ್ಮ ಕಾವಲಿ ಅದನ್ನು ದಾಟಿಯೂ ಸುಮ್ಮನಿತ್ತು ಎಂದರೆ ಪಾಲಿಷ್ ಸಾಧುವೆಂದಲ್ಲ, ಕಾವಲಿ ಆ ಪರೀಕ್ಷೆಗೆ ತಕ್ಕ ಪಾತ್ರೆಯಲ್ಲ.

ಕಿಡಿ, ಜ್ವಾಲೆ ಯಾವುದೂ ತಾಗದೆ ಬರೀ ಶಾಖದಿಂದಲೇ ಆವಿ ಹೊತ್ತಿಕೊಳ್ಳಬೇಕಾದರೆ ಅದು ಗಾಳಿಯೊಡನೆ ಬೆರೆತು ಬಿಸಿಯಲ್ಲೇ ಒಂದಿಷ್ಟು ಹೊತ್ತು ನಿಲ್ಲಬೇಕು. ತೆರೆದ ಕಾವಲಿಯ ಮೇಲೆ ಆವಿ ಎದ್ದ ಕ್ಷಣವೇ ಮೇಲಕ್ಕೆ ಹಾರಿ ತಣ್ಣಗಾಗುತ್ತದೆ. ಹಾಗಾಗಿ ತೆರೆದ ಬಿಸಿ ಲೋಹದ ಮೇಲೆ ಬೆಂಕಿ ಹತ್ತಲು ಕೈಪಿಡಿಯ ಅಂಕಿಗಿಂತ ನೂರು, ಇನ್ನೂರು ಡಿಗ್ರಿ ಹೆಚ್ಚು ಬೇಕಾಗಬಹುದು. ಆ ಗನ್ ಥರ್ಮಾಮೀಟರನ್ನೂ ನಂಬುವಂತಿಲ್ಲ. ಹೊಳೆಯುವ ಲೋಹದ ಮುಂದೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಪ್ರಯೋಗಾಲಯದ ಕ್ರಮವೇ ಬೇರೆ. ಅಮೆರಿಕದ ಮಾನಕ ಸಂಸ್ಥೆಯ ಎಎಸ್‌ಟಿಎಂ ಇ659 ವಿಧಾನದಲ್ಲಿ 500 ಮಿಲಿಲೀಟರಿನ ದುಂಡು ತಳದ ಗಾಜಿನ ಫ್ಲಾಸ್ಕ್ ಇಡಿಯಾಗಿ ವಿದ್ಯುತ್ ಕುಲುಮೆಯೊಳಗೆ ಕೂರುತ್ತದೆ, ಬಾಯಿ ಮಾತ್ರ ತೆರೆದಿರುತ್ತದೆ. ಶಾಖ ಎಲ್ಲೆಡೆ ಸಮನಾಗಿರಲಿ ಎಂದು ಅಲ್ಯೂಮಿನಿಯಂ ಹಾಳೆ ಸುತ್ತಿ, ಒಳಗೂ ಹೊರಗೂ ತಾಪಮಾನ ಅಳೆಯುವ ತಂತಿ, ಅಂದರೆ ಥರ್ಮೋಕಪಲ್ ಇಡುತ್ತಾರೆ. ನಂತರ ಸಿರಿಂಜಿನಿಂದ 0.1 ಮಿಲಿಲೀಟರ್ ದ್ರವ ಹಾಕಿ ಕೋಣೆಯ ದೀಪ ಆರಿಸುತ್ತಾರೆ. ಫ್ಲಾಸ್ಕಿನ ಬಾಯಿಯ ಮೇಲೆ ಓರೆಯಾಗಿ ಕನ್ನಡಿ ಇರುತ್ತದೆ. ಬಗ್ಗಿ ನೋಡಿದವರ ಮುಖಕ್ಕೆ ಜ್ವಾಲೆ ಬಡಿಯಬಾರದಲ್ಲ! ಕತ್ತಲೆ ಬೇಕಾಗುವುದು ‘ತಂಪು ಜ್ವಾಲೆ’ ಎಂಬ ಮಸುಕಾದ ನೀಲಿ ಹೊಳಪಿಗಾಗಿ. ಬೆಳಕಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಅದನ್ನು ಪೂರ್ಣ ಜ್ವಾಲೆಯಿಂದ ಬೇರೆಯಾಗಿಯೇ ದಾಖಲಿಸಬೇಕು.

ಕಾಯುವುದು ಹತ್ತು ನಿಮಿಷ. ತಾಪಮಾನ ಇಳಿದಷ್ಟೂ ಹೊತ್ತಿಕೊಳ್ಳಲು ತಡವಾಗುತ್ತದೆ, ಆದ್ದರಿಂದ ಕಡೆಯ ಕೆಲವು ಡಿಗ್ರಿಗಳು ತಾಳ್ಮೆಯ ಪರೀಕ್ಷೆ. ಹೊತ್ತಿದರೆ ಕುಲುಮೆಯ ಶಾಖ ಇಳಿಸಿ, ಹಳೆಯ ಆವಿಯನ್ನು ಬಿಸಿಗಾಳಿಯಿಂದ ಹೊರದೂಡಿ, ಮತ್ತೆ ಹಾಕುತ್ತಾರೆ. ದ್ರವದ ಪ್ರಮಾಣವನ್ನೂ ಹೆಚ್ಚು ಕಡಿಮೆ ಮಾಡಿ ನೋಡಲೇಬೇಕು. ತೀರಾ ಕಡಿಮೆಯಾದರೆ ಆವಿ ಸಾಲದು, ಹೆಚ್ಚಾದರೆ ಫ್ಲಾಸ್ಕೇ ತಣಿಯುತ್ತದೆ. ಈ ಎಲ್ಲದರಲ್ಲಿ ಜ್ವಾಲೆ ಕಂಡ ಅತಿ ಕಡಿಮೆ ತಾಪಮಾನವೇ ಉತ್ತರ.

ಹಾಗೆಂದು ಅದೂ ದ್ರವದ ಹಣೆಬರಹವಲ್ಲ. ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ/ಐಇಸಿ 80079-20-1 ವಿಧಾನದಲ್ಲಿ 200 ಮಿಲಿಲೀಟರಿನ ಶಂಕುವಿನಾಕಾರದ ಫ್ಲಾಸ್ಕ್, ಐದು ನಿಮಿಷದ ಕಾಯುವಿಕೆ. ಅಂಕಿ ಬೇರೆ ಬರಬಹುದು. ಪಾತ್ರೆ ದೊಡ್ಡದಾದಷ್ಟೂ ಹೊತ್ತುವ ತಾಪಮಾನ ಸಾಮಾನ್ಯವಾಗಿ ಇಳಿಯುತ್ತದೆ. ವಿಧಾನದ ಹೆಸರಿಲ್ಲದ ವರದಿ ಬಂದರೆ ತಿರುಗಿ ಕಳುಹಿಸಿ.

ಪ್ರಶ್ನೆ, ಸಾಗರದಿಂದ:
ಹಾಗಾದರೆ ಟರ್ಪೆಂಟೈನಿನ 253 ಮತ್ತು ಅಗಸೆ ಎಣ್ಣೆಯ ಅಂಕಿ ಸೇರಿಸಿ ಸರಾಸರಿ ಹಾಕಬಹುದೇ?

ಉತ್ತರ:
ಅಗಸೆ ಎಣ್ಣೆಯದ್ದು 343 ಡಿಗ್ರಿ. ಸರಾಸರಿ ಹಾಕಿದರೆ ಕಾಗದ ಚೆನ್ನಾಗಿ ಕಾಣುತ್ತದೆ, ಅರ್ಥವೇನೂ ಇರುವುದಿಲ್ಲ. ಮೊದಲು ಆವಿಯಾಗುವುದು ಟರ್ಪೆಂಟೈನ್, ಮಿಶ್ರಣದ ನಡವಳಿಕೆ ಲೆಕ್ಕಕ್ಕೆ ಸಿಗುವುದಿಲ್ಲ. ಪರೀಕ್ಷೆ ಮಾಡಿಸುವವರೆಗೆ ‘ಮಿಶ್ರಣಕ್ಕೆ ನಿರ್ಧರಿಸಿಲ್ಲ, ಘಟಕವಾದ ಟರ್ಪೆಂಟೈನಿಗೆ 253, ಕೈಪಿಡಿಯ ಅಂಕಿ’ ಎಂದು ಬರೆಯಿರಿ. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್. ಅದರ ಮಾನ್ಯತೆಯ ಪ್ರಯೋಗಾಲಯಗಳ ಪಟ್ಟಿ ಅದರ ಜಾಲತಾಣದಲ್ಲಿದೆ. ಮಾನ್ಯತೆ ಇದ್ದರೆ ಸಾಲದು, ಈ ಪರೀಕ್ಷೆ ಅವರ ವ್ಯಾಪ್ತಿಯಲ್ಲಿದೆಯೇ ಎಂದೂ ನೋಡಿ.

ಪ್ರಶ್ನೆ, ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಿಂದ:
ಟರ್ಪೆಂಟೈನಿನ ಫ್ಲ್ಯಾಶ್ ಪಾಯಿಂಟ್ (ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಏಳುವ ತಾಪಮಾನ) 35, ಸ್ವಯಂ ಜ್ವಲನ ತಾಪಮಾನ 253. ಮೇಡಂ, ನಾವು ಹೆದರಬೇಕಾದದ್ದು ಯಾವುದಕ್ಕೆ?

ಉತ್ತರ:
ದಾಸ್ತಾನು ಕೋಣೆಯಲ್ಲಿ ಮೊದಲನೆಯದಕ್ಕೆ. ಏಪ್ರಿಲ್‌ನ ಶಿವಮೊಗ್ಗದಲ್ಲಿ ತಗಡಿನ ಮಾಡಿನ ಕೆಳಗೆ 35 ಡಿಗ್ರಿ ದಾಟುವುದು ಏನೂ ವಿಶೇಷವಲ್ಲ. ಆಗ ಡಬ್ಬದ ಮುಚ್ಚಳ ತೆರೆದರೆ ಒಂದು ಕಿಡಿ ಸಾಕು. ಎರಡನೆಯದು ಬಿಸಿ ಮೇಲ್ಮೈಗಳ ಲೆಕ್ಕಕ್ಕೆ: ಹೀಟರ್, ಮೋಟಾರು, ಜನರೇಟರಿನ ಹೊಗೆಕೊಳವೆ. ಸ್ವಯಂ ಜ್ವಲನ ತಾಪಮಾನ 200ರಿಂದ 300ರ ನಡುವೆ ಇರುವ ದ್ರವವಿದ್ದಲ್ಲಿ ಟಿ3 ವರ್ಗದ ವಿದ್ಯುತ್ ಸಾಧನ ಕೇಳಿ. ಅದರ ಮೇಲ್ಮೈ 200 ಡಿಗ್ರಿ ಮೀರುವುದಿಲ್ಲ.

ಪ್ರಶ್ನೆ, ತೀರ್ಥಹಳ್ಳಿಯಿಂದ:
ನಮ್ಮ ಕಡೆಯ ಮಳೆಗಾಲದಲ್ಲಿ ಸೌದೆಯೇ ಹತ್ತುವುದಿಲ್ಲ. ಈ ಥಂಡಿಯಲ್ಲಿ, ಈ ಎತ್ತರದಲ್ಲಿ ಅಪಾಯ ಕಡಿಮೆಯಲ್ಲವೇ?

ಉತ್ತರ:
ಎತ್ತರದ ಮಾತು ತುಸು ನಿಜ. 600 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ. 6ರಿಂದ 7ರಷ್ಟು ಕಡಿಮೆ. ಒತ್ತಡ ಇಳಿದರೆ ಸ್ವಯಂ ಜ್ವಲನ ತಾಪಮಾನ ಸ್ವಲ್ಪ ಏರುತ್ತದೆ, ಅದಕ್ಕೇ ವರದಿಯಲ್ಲಿ ಆ ದಿನದ ಒತ್ತಡವನ್ನೂ ಬರೆಯುತ್ತಾರೆ. ಆದರೆ ಆ ಅಲ್ಪ ಏರಿಕೆಯನ್ನು ನೆಚ್ಚಿ ಯಾವ ಎಚ್ಚರಿಕೆಯನ್ನೂ ಸಡಿಲಿಸಬೇಡಿ.

ಮಳೆಗಾಲದಲ್ಲಿ ನನಗೆ ಭಯ ಬೇರೆಯೇ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಒರೆಸಿದ ಹತ್ತಿಬಟ್ಟೆಗಳನ್ನು ಗುಡ್ಡೆ ಹಾಕಿದರೆ ಆ ಶಾಖ ಒಳಗೇ ಕೂಡಿಕೊಂಡು, ಹೊರಗೆ ಜಡಿಮಳೆ ಸುರಿಯುತ್ತಿದ್ದರೂ, ಕೆಲವು ಗಂಟೆಗಳಲ್ಲಿ ತಾನಾಗಿ ಬೆಂಕಿ ಏಳಬಹುದು. ಕೈಪಿಡಿಯಲ್ಲಿ 343 ಎಂದಿರುವ ಎಣ್ಣೆಯೇ ಹೀಗೆ ಮಾಡುವುದು! ಫ್ಲಾಸ್ಕಿನ ಪರೀಕ್ಷೆ ಇದನ್ನು ಅಳೆಯುವುದೇ ಇಲ್ಲ. ಬಟ್ಟೆ ಒಣಗುತ್ತಿಲ್ಲವೆಂದು ಒಲೆಯ ಮೇಲಿನ ಅಟ್ಟಕ್ಕೆ ಎಸೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ನೀರು ತುಂಬಿದ ಲೋಹದ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಿ.

ಪ್ರಶ್ನೆ, ಸಾಗರದಿಂದ:
ತುಂಬಾ ಉಪಕಾರವಾಯಿತು ಮೇಡಂ. ಮಾದರಿಯನ್ನು ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಹಾಕಲೇ?

ಉತ್ತರ:
ಬೇಡ, ಜನ ಕೂರುವ ಬಸ್ಸಿಗೆ ಅದನ್ನು ಹಾಕಬಾರದು. ಎಷ್ಟು ದ್ರವ ಬೇಕು, ಯಾವ ಬಾಟಲಿ, ಯಾವ ಸಾಗಣೆದಾರರು ಎಂದು ಪ್ರಯೋಗಾಲಯದವರನ್ನೇ ಮೊದಲು ಕೇಳಿ. ಸುಡುವ ದ್ರವವನ್ನು ಒಯ್ಯಲು ಒಪ್ಪುವವರ ಕೈಗೇ, ‘ಸುಡುವ ದ್ರವ’ ಎಂಬ ಚೀಟಿ ಅಂಟಿಸಿ ಕೊಡಿ.