ಸಹಾಯ ಬೇಕು: ಟ್ಯಾಬ್‌ನಲ್ಲಿ ಕಲಿತದ್ದು ಮನೆಯಾಟಕ್ಕೆ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಹೊಸನಗರದ ಹತ್ತಿರದ ಹಳ್ಳಿಯವರು. ಮಗನಿಗೆ 7 ವರ್ಷ, ಆಟಿಸಂ ಇದೆ. ವಾರಕ್ಕೊಮ್ಮೆ ಥೆರಪಿಗೆ ಶಿವಮೊಗ್ಗಕ್ಕೆ ಹೋಗುತ್ತೇವೆ. ಮಳೆಗಾಲದಲ್ಲಿ ಅದೂ ತಪ್ಪುತ್ತದೆ, ನಮ್ಮ ಕಡೆ ಮಳೆ ಗೊತ್ತಲ್ವಾ. ಅದಕ್ಕೇ ಥೆರಪಿಸ್ಟ್ ಮನೆಯಲ್ಲಿ ಆಡಿಸಲು ಟ್ಯಾಬ್‌ಗೆ ಒಂದು ಗೇಮ್ ಹಾಕಿಕೊಟ್ಟರು. ಸರದಿ ಕಾಯುವುದನ್ನು ಕಲಿಸುವ ಗೇಮ್.

ಅದರಲ್ಲಿ ಹುಡುಗ ಹುಷಾರು. ತನ್ನ ಸರದಿ ಬರುವವರೆಗೆ ಬೆರಳು ತಡೆದುಕೊಂಡು ಕೂರುತ್ತಾನೆ, ನನಗೇ ಆಶ್ಚರ್ಯ. ಆದರೆ ಟ್ಯಾಬ್ ಬಿಟ್ಟರೆ ಮುಗಿಯಿತು. ಚೆನ್ನೆಮಣೆ ಇಟ್ಟು, ಹುಣಸೆಬೀಜ ಕೊಟ್ಟು, "ಈಗ ನಿಂದು, ಈಗ ನಂದು" ಅಂತ ಆಡಿಸಿದೆ. ಎರಡು ಗುಳಿ ತುಂಬುವಷ್ಟರಲ್ಲಿ ಬೀಜವೆಲ್ಲ ಅಂಗಳದಲ್ಲಿ! ಗೇಮ್‌ನಲ್ಲಿ ಬರುವ ಗಂಟೆ ಸದ್ದನ್ನು ಬಾಯಲ್ಲೇ ಮಾಡಿ ನೋಡಿದೆ. ನನ್ನ ಮುಖ ನೋಡಿ ನಕ್ಕ, ಅಷ್ಟೆ. 15 ನಿಮಿಷಕ್ಕೆ ಟ್ಯಾಬ್ ಲಾಕ್ ಆಗುವ ಹಾಗೆ ಮಾಡಿದರೆ ನೆಲಕ್ಕೆ ಬಿದ್ದು ಅಳು. "ನೀನೇ ಅಭ್ಯಾಸ ಮಾಡಿಸಿದ್ದು" ಅಂತ ಅತ್ತೆಯವರದ್ದು ಬೇರೆ.

2020ರಲ್ಲಿ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಎಂಡೆವರ್‌ಆರ್‌ಎಕ್ಸ್ ಎಂಬ ವಿಡಿಯೋ ಗೇಮ್‌ಗೆ ಚಿಕಿತ್ಸೆಯಾಗಿ ಒಪ್ಪಿಗೆ ಕೊಟ್ಟಿತು ಅಂತ ಓದಿದೆ. ಆದರೆ ಆಗ ಆ ಒಪ್ಪಿಗೆ ಇದ್ದದ್ದು 8ರಿಂದ 12 ವರ್ಷದ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳ ಗಮನ ಸುಧಾರಿಸಲು. ನಮಗೆ ಬೇಕಿರುವುದು ಅದಲ್ಲ.

ಈ ಸಲ ಥೆರಪಿಸ್ಟ್ ಮತ್ತೆ ಸಿಗಲು ಇನ್ನೂ 3 ವಾರ ಇದೆ. ಗೇಮ್‌ನಲ್ಲಿ ಕಲಿತ ಸರದಿಯನ್ನು ಮನೆಯ ಆಟಕ್ಕೆ ತಂದವರು ಇಲ್ಲಿ ಯಾರಾದರೂ ಇದ್ದೀರಾ? ಚೆನ್ನೆಮಣೆಯಂಥ ಆಟವನ್ನು ಟ್ಯಾಬ್ ಕೊಡುವ ಮೊದಲು ಆಡಿಸಿದಿರಾ, ಆಮೇಲಾ?